ಇರುವೆಯ ಮನೆಯ ಆಳ

ನೆಲದ ಮೇಲೆ ಕಾಣುವುದು ಒಂದು ಸಣ್ಣ ರಂಧ್ರ, ಅದರ ಸುತ್ತ ಹಿಡಿಯಷ್ಟು ಮಣ್ಣು. ಅದರ ಕೆಳಗೆ ಏನಿದೆ ಎಂಬುದನ್ನು ಅರಿಯಲು ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ವಾಲ್ಟರ್ ಚಿಂಕೆಲ್ ದಶಕಗಳ ಕಾಲ ಶ್ರಮಿಸಿದ್ದಾರೆ. ಕರಗಿಸಿದ ಸತು, ಅಲ್ಯುಮಿನಿಯಂ ಅಥವಾ ನೀರಿನಲ್ಲಿ ಕಲಸಿದ ಪ್ಲಾಸ್ಟರನ್ನು ಆ ರಂಧ್ರಕ್ಕೆ ಹೊಯ್ದು, ಗಟ್ಟಿಯಾದ ಮೇಲೆ ಸುತ್ತಣ ಮಣ್ಣನ್ನು ತೆಗೆದರೆ ಗೂಡಿನ ಪಡಿಯಚ್ಚು ದೊರೆಯುತ್ತದೆ. ಕಾಳು ಕೂಡಿಡುವ ಫ್ಲಾರಿಡಾದ ಇರುವೆಗಳ ದೊಡ್ಡ ಗೂಡು 2 ಮೀಟರಿಗೂ ಮೀರಿ ಆಳಕ್ಕಿಳಿಯುತ್ತದೆ. ಸುರುಳಿಯಾಗಿ ಇಳಿಯುವ ಓಣಿ, ಅದಕ್ಕೆ ಅಂಟಿಕೊಂಡ ಚಪ್ಪಟೆ ಕೋಣೆಗಳು. ಮೇಲೆ ದೊಡ್ಡವು, ಒತ್ತೊತ್ತಾಗಿ. ಕೆಳಗಿಳಿದಂತೆ ಚಿಕ್ಕವು, ವಿರಳ. ಎಳೆಯ ಇರುವೆಗಳು ಆಳದಲ್ಲಿದ್ದು ಮರಿಗಳನ್ನು ಸಲಹುತ್ತವೆ. ವಯಸ್ಸಾದಂತೆ ಮೇಲ್ಮೇಲಕ್ಕೆ ಬಂದು, ಬಾಳಿನ ಕೊನೆಯ ದಿನಗಳಲ್ಲಷ್ಟೇ ಆಹಾರವನ್ನರಸಿ ಹೊರಬೀಳುತ್ತವೆ. ಬಿಸಿಲಿನಲ್ಲಿ ಕಾಳು ಹೊತ್ತು ನಡೆಯುವ ಇರುವೆ ಆ ಸಂಸಾರದ ಮುದಿಜೀವ.

ಇಷ್ಟನ್ನು ಓದಿದಾಗ ಬೆರಗಾಗದವರಿಲ್ಲ. ಆದರೆ ಅಲ್ಯುಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಗೂಡಿನಲ್ಲಿ ಇರುವೆಗಳಿರುವಾಗಲೇ ಅದನ್ನು ಹೊಯ್ದರೆ ಸಾವಿರಾರು ಜೀವಗಳು ಕ್ಷಣಮಾತ್ರದಲ್ಲಿ ದಹಿಸಿಹೋಗುತ್ತವೆ. ಅರಿವಿಗಾಗಿ ಇಷ್ಟು ಹಿಂಸೆ ಸಲ್ಲುವುದೇ ಎಂಬ ಪ್ರಶ್ನೆಯನ್ನು ಜೈನಧರ್ಮ ತಪ್ಪಿಸಿಕೊಳ್ಳುವಂತಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಜೀವಿಗಳಿಗೆ ಇಂದ್ರಿಯಗಳು ಒಂದೊಂದಾಗಿ ಹೆಚ್ಚುವ ಕ್ರಮವನ್ನು ಹೇಳುವಾಗ ಇರುವೆಯನ್ನು ಹೆಸರಿಸಿಯೇ ಉದಾಹರಿಸುತ್ತಾರೆ. ಅದು ತ್ರೀಂದ್ರಿಯ ಜೀವಿ: ಸ್ಪರ್ಶ, ರಸ, ಘ್ರಾಣಗಳುಳ್ಳದ್ದು. ಸೂಕ್ಷ್ಮದರ್ಶಕದಲ್ಲಿ ಇರುವೆಗೆ ಕಣ್ಣು ಕಾಣುತ್ತದಲ್ಲ ಎಂದು ತರುಣರು ಕೇಳುವುದುಂಟು. ಕೇಳಲಿ, ಆ ಪ್ರಶ್ನೆಗೆ ಸಿಟ್ಟಾಗಬೇಕಾದ ಕಾರಣವಿಲ್ಲ. ಬೆಳಕೇ ಇಲ್ಲದ ಗೂಡಿನಲ್ಲಿ ಮುಟ್ಟಿ, ಮೂಸಿ ಬಾಳುವ ಜೀವಕ್ಕೆ ಬಾಳಿನ ಬಹುಭಾಗ ಈ ಮೂರು ಇಂದ್ರಿಯಗಳಲ್ಲೇ ಕಳೆಯುತ್ತದೆ ಎಂಬುದಂತೂ ನಿಜ. ಇಂದ್ರಿಯಗಳ ಲೆಕ್ಕ ಏನೇ ಇರಲಿ, ನೋವು ಇದೆ ಎಂಬುದರಲ್ಲಿ ಆಗಮಕ್ಕೆ ಸಂದೇಹವಿಲ್ಲ.

ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯಲ್ಲಿ ಧರ್ಮರುಚಿ ಅನಗಾರರ ವೃತ್ತಾಂತವಿದೆ. ಮಾಸೋಪವಾಸದ ಪಾರಣೆಗೆಂದು ಭಿಕ್ಷೆಗೆ ಬಂದ ಮುನಿಗೆ ನಾಗಶ್ರೀ ಎಂಬ ಗೃಹಿಣಿ, ವಿಷದಂತೆ ಕಹಿಯಾದ ಸೋರೆಕಾಯಿಯ ಪಲ್ಯವನ್ನು ಹಾಕಿಬಿಡುತ್ತಾಳೆ. ಅದು ತಿನ್ನಲು ಯೋಗ್ಯವಲ್ಲವೆಂದು ತಿಳಿದ ಗುರುಗಳು, ಜೀವಬಾಧೆಯಾಗದ ನೆಲದಲ್ಲಿ ಅದನ್ನು ವಿಸರ್ಜಿಸಿ ಬಾ ಎಂದು ಕಳುಹುತ್ತಾರೆ. ಧರ್ಮರುಚಿ ಮೊದಲು ಒಂದೇ ಒಂದು ಹನಿಯನ್ನು ನೆಲಕ್ಕೆ ಹಾಕಿ ನೋಡುತ್ತಾರೆ. ವಾಸನೆಗೆ ಇರುವೆಗಳು ಮುತ್ತುತ್ತವೆ; ಮುಟ್ಟಿದವು ಮುಟ್ಟಿದಲ್ಲೇ ಸಾಯುತ್ತವೆ. ಒಂದು ಹನಿಗೆ ಇಷ್ಟಾದರೆ ಪಾತ್ರೆಯಲ್ಲಿರುವ ಉಳಿದುದೆಲ್ಲ ಸುರಿದರೆ ಏನಾದೀತು? ಆ ಮುನಿ ಉಳಿದುದನ್ನು ತಾವೇ ಸೇವಿಸಿ, ಸಮಭಾವದಿಂದ ದೇಹವನ್ನು ಬಿಟ್ಟರು.

ಈ ಕಥೆಯನ್ನು ತ್ಯಾಗದ ಕಥೆಯೆಂದೇ ಹೇಳುವುದು ವಾಡಿಕೆ. ಅದರಲ್ಲಿ ಪರೀಕ್ಷೆಯೂ ಒಂದಿದೆಯೆಂಬುದು ಗಮನಕ್ಕೆ ಬರುವುದು ಕಡಿಮೆ. ಮುನಿ ನೆಲಕ್ಕೆ ಹಾಕಿದ್ದೂ ಅರಿಯುವುದಕ್ಕಾಗಿಯೇ, ಅದರಿಂದ ಜೀವಗಳು ಅಳಿದದ್ದೂ ಹೌದು. ಆದರೆ ಅರಿತ ಮರುಕ್ಷಣ ಕೈ ತಡೆಯಿತು. ಅರಿವು ಮೊದಲು, ದಯೆ ಅದರ ಬೆನ್ನಿಗೆ ಎಂಬ ಕ್ರಮವನ್ನು ದಶವೈಕಾಲಿಕ ಸೂತ್ರವೂ ಒಪ್ಪುತ್ತದೆ. ಆದ್ದರಿಂದ ಗೂಡುಗಳ ಅಧ್ಯಯನವನ್ನೇ ಪಾಪವೆಂದು ತಳ್ಳಿಹಾಕುವುದು ಅವಸರದ ತೀರ್ಪು. ಜೀವ ಎಲ್ಲಿದೆ, ಹೇಗಿದೆ ಎಂದು ತಿಳಿಯದವನು ಅದನ್ನು ಕಾಯುವುದಾದರೂ ಹೇಗೆ?

ಕೇಳಬೇಕಾದುದು, ಅರಿತ ಮೇಲೂ ಸುರಿಯುತ್ತಲೇ ಇರುವ ಕೈಯನ್ನು. ಇಂದು ಅಂತರ್ಜಾಲದಲ್ಲಿ ಕಾಣುವ ಲೋಹದ ಗೂಡುಗಳಲ್ಲಿ ಹಲವು ಶಾಸ್ತ್ರಾಧ್ಯಯನಕ್ಕಾಗಿ ಆದವಲ್ಲ, ನೋಟಕ್ಕಾಗಿ ಆದವು. ತೊಳೆದು ಹೊಳಪು ಕೊಟ್ಟು, ಪೀಠದ ಮೇಲಿಟ್ಟು ಮಾರುವುದೂ ಇದೆ. ಬೆಂಕಿ ಇರುವೆ ಅಮೆರಿಕಕ್ಕೆ ಹೊರಗಿನಿಂದ ಬಂದು ಪೀಡೆಯಾದದ್ದು, ಅದನ್ನು ಕೊಂದರೇನು ಎಂಬುದು ಹೊಯ್ಯುವವರ ಸಮಾಧಾನ. ಪೀಡೆಯ ನಿವಾರಣೆ ಬೇರೆ, ಅದನ್ನು ವಿನೋದವಾಗಿಸುವುದು ಬೇರೆ. ಇದು ಆರಂಭಿ ಹಿಂಸೆಯಲ್ಲ, ಉದ್ಯೋಗಿಯಲ್ಲ, ವಿರೋಧಿಯೂ ಅಲ್ಲ. ಅಪ್ಪಟ ಸಂಕಲ್ಪಿ ಹಿಂಸೆ. ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಕರ್ಮಾಸ್ರವವಾಗುತ್ತದೆ ಎಂದು ಬಲ್ಲ ಶ್ರಾವಕನು ಅಂಥ ದೃಶ್ಯವನ್ನು ಮೆಚ್ಚಿ ಹತ್ತು ಜನರಿಗೆ ಕಳುಹುವ ಮೊದಲು ಬೆರಳನ್ನು ತುಸು ತಡೆಯುವುದು ಒಳಿತು.

ಸಾವಿಲ್ಲದ ದಾರಿಯೂ ಇದೆ. ಫ್ಲಾರಿಡಾದ ಆ ಇರುವೆಗಳು ಸುಮಾರು ವರ್ಷಕ್ಕೊಮ್ಮೆ ಗೂಡು ಬದಲಿಸುತ್ತವೆ. ಕೆಲವೇ ದಿನಗಳಲ್ಲಿ ಹೊಸ ಮನೆಯನ್ನು ತೋಡಿ, ಮರಿಗಳನ್ನೂ ಕಾಳುಗಳನ್ನೂ ಹೊತ್ತು ಸಾಗುತ್ತವೆ. ಬಿಟ್ಟುಹೋದ ಮನೆ ಹಾಗೆಯೇ ಉಳಿದಿರುತ್ತದೆ. ಬರಿದಾದ ಆ ಗೂಡಿಗೆ ಹೊಯ್ದರೂ ಅದೇ ಓಣಿ, ಅದೇ ಕೋಣೆ ದೊರೆಯುತ್ತದೆ. ಪ್ರಯೋಗಶಾಲೆಯ ಸಣ್ಣ ಗೂಡುಗಳನ್ನು ಕ್ಷಕಿರಣದ ಸ್ಕ್ಯಾನ್‌ನಿಂದ ನೋಡುವುದೂ ಸಾಧ್ಯವಾಗಿದೆ. ಗೂಡಿನ ಯಾವ ಕೋಣೆಯಲ್ಲಿ ಎಷ್ಟು ಇರುವೆಗಳಿವೆ ಎಂದು ಎಣಿಸಬೇಕಾದಾಗ ಮಾತ್ರ ಈ ದಾರಿಗಳು ಸಾಲವು. ಆ ಒಂದು ಲೆಕ್ಕ ಬೇಕೇ, ಎಷ್ಟು ಸಲ ಬೇಕು ಎಂಬುದು ವಿಜ್ಞಾನಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮಾತು.

ದೂರದ ವಿಜ್ಞಾನಿಯನ್ನು ಕೇಳುವುದು ಸುಲಭ. ಶ್ವೇತಾಂಬರರು ಸಾಮಾಯಿಕದ ವೇಳೆ ಹೇಳುವ ಈರ್ಯಾಪಥಿಕ ಸೂತ್ರದಲ್ಲಿ, ನಡೆಯುವಾಗ ತುಳಿದಿರಬಹುದಾದ ಜೀವಗಳ ಜೊತೆಗೆ ಇರುವೆಯ ಗೂಡಿಗೂ ಕ್ಷಮೆ ಕೋರುವ ಮಾತಿದೆ. ಪಿಂಛಿ ಹಿಡಿದು ನೆಲ ಸವರಿ ಕೂರುವ ದಿಗಂಬರ ಮುನಿಗಳ ಈರ್ಯಾಸಮಿತಿಯ ಎಚ್ಚರವೂ ಅದೇ. ಬಾಗಿಲ ಬಳಿ ಇರುವೆಗೆ ಸಕ್ಕರೆ ಹಾಕುವ ಮನೆಗಳಲ್ಲೇ ಒಲೆಯ ಕಟ್ಟೆಯ ಸುತ್ತ ವಿಷದ ಸೀಮೆಸುಣ್ಣದ ಗೆರೆಯೂ ಇರುತ್ತದೆ. ಹೊಸ ಮನೆಯ ಬುನಾದಿಗೆ ಗುದ್ದಲಿಪೂಜೆಯ ದಿನ ತಿಥಿ, ನಕ್ಷತ್ರ ಎಲ್ಲವನ್ನೂ ನೋಡುತ್ತಾರೆ. ಆ ನಿವೇಶನದ ಮೂಲೆಯಲ್ಲಿರುವ ಸಣ್ಣ ರಂಧ್ರ ಎಷ್ಟು ಆಳಕ್ಕೆ ಇಳಿದಿದೆ, ಒಳಗಿರುವವರು ಬೇರೆಡೆಗೆ ಹೋಗಲು ಎಷ್ಟು ದಿನ ಬೇಕಾದೀತು ಎಂದು ವಿಚಾರಿಸುವವರು ವಿರಳ.