ತೊಗರಿ ನಾಡಿನವರಿಗೆ ಮೊಜಾಂಬಿಕ್ ಬೇಳೆ ಯಾಕೆ?

ಶಹಾಪುರದ ಕಿರಾಣಿ ಅಂಗಡಿಯೊಂದರಲ್ಲಿ ರಾಶಿ ಕಾಲದಲ್ಲಿ ಕಂಡದ್ದು. ಅಡತಿಯಲ್ಲಿ ತೊಗರಿ ಮಾರಿ ಬಂದ ರೈತರೊಬ್ಬರು ಎರಡು ಕಿಲೋ ಬೇಳೆ ಕೇಳಿದರು. 'ಎಲ್ಲೀದರೀ ಸಾಹುಕಾರ್ರ ಇದು?' 'ಹೊರಗಿಂದು, ಅಗ್ಗ ಅದ' ಎನ್ನುತ್ತ ಅಂಗಡಿಯವರು ತಕ್ಕಡಿಗೆ ಸುರಿದರು. ರೈತರ ಅಂಗಿ ಮೇಲೆ ತೊಗರಿ ಹೊಟ್ಟಿನ ದೂಳು ಇನ್ನೂ ಹಾಗೇ ಇತ್ತು.

ನಮ್ಮ ಅವ್ವಂದಿರು ತೊಗರಿಗೆ ಕೆಮ್ಮಣ್ಣು ಕಟ್ಟಿ, ಬಿಸಿಲಿಗೆ ಹರವಿ, ಬೀಸುಕಲ್ಲಿನಲ್ಲಿ ಒಡೆದು ವರ್ಷದ ಬೇಳೆ ತುಂಬಿಡುತ್ತಿದ್ದರು. ಈಗ ಯಾದಗಿರಿ, ಸುರಪುರದ ರೈತರೂ ತೊಗರಿ ಮಾರಿ ಬೇಳೆ ಕೊಳ್ಳುತ್ತಾರೆ. ಆದ್ದರಿಂದ 'ರೈತನಿಗೆ ನಷ್ಟವಾದರೂ ಗ್ರಾಹಕನಿಗೆ ಲಾಭ' ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಇಲ್ಲಿ ಇಬ್ಬರೂ ಒಬ್ಬರೇ.

2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಕೇಂದ್ರ ಸರ್ಕಾರ ಮೊಜಾಂಬಿಕ್ ಜತೆ ಆಮದು ಒಪ್ಪಂದ ಮಾಡಿಕೊಂಡಿತು. ಅದೇ 2016–17ರಲ್ಲಿ ನಮ್ಮ ರೈತರು ಭರ್ಜರಿ ತೊಗರಿ ಬೆಳೆದರು. ದರ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. 2017ರಲ್ಲಿ ಆಮದಿಗೆ ಮಿತಿ ಹಾಕಿದರು. 2021ರ ಮೇ ತಿಂಗಳಲ್ಲಿ ಆ ಮಿತಿಯನ್ನೂ ತೆಗೆದರು. ಆಮೇಲೆ ಈ ಮುಕ್ತ ಆಮದಿನ ಗಡುವನ್ನು ಮತ್ತೆ ಮತ್ತೆ ವಿಸ್ತರಿಸುತ್ತಲೇ ಬಂದರು. 2024–25ರಲ್ಲಿ ದೇಶಕ್ಕೆ ಬಂದ ಒಟ್ಟು ಬೇಳೆಕಾಳು 70 ಲಕ್ಷ ಟನ್ ದಾಟಿತು. ಅದೇ ವರ್ಷ 7,550 ರೂಪಾಯಿ ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಕೊಡಬೇಕಾಯಿತು. ಒಂದು ಕೈ ಬೆಲೆ ಬೀಳಿಸುತ್ತದೆ, ಇನ್ನೊಂದು ಕೈ ಬೊಕ್ಕಸದಿಂದ ತುಂಬಿಕೊಡುತ್ತದೆ.

ಪೆಟ್ಟು ಬೀಳುವುದು ಹೊತ್ತು ನೋಡಿ. ಆಫ್ರಿಕಾದ ತೊಗರಿ ಬಂದರಿಗೆ ಇಳಿಯುವುದು ಸೆಪ್ಟೆಂಬರ್‌ನಿಂದಾಚೆಗೆ. ಡಿಸೆಂಬರ್‌ನಲ್ಲಿ ನಮ್ಮ ರಾಶಿ ಶುರುವಾಗುವ ಹೊತ್ತಿಗೆ ಗೋದಾಮುಗಳು ತುಂಬಿರುತ್ತವೆ. ನೆಟೆ ರೋಗ, ಅಕಾಲ ಮಳೆ ತಾಳಿ ಬಂದ ಬೆಳೆಗೆ ಕೊಳ್ಳುವವರು ಕೇಳಿದ್ದೇ ದರ.

ಬಡವರಿಗೆ ಬೇಳೆ ಅಗ್ಗ ಸಿಗಬೇಕು, ನಿಜ. ಆದರೆ ರೈತ ಬೇಸತ್ತು ಎರೆ ಹೊಲದಲ್ಲಿ ತೊಗರಿ ಬಿಟ್ಟು ಹತ್ತಿ ಹಾಕಿದ ಮೇಲೆ, ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟ ವರ್ಷ ಬಡವರ ಸಾರಿಗೆ ಬೇಳೆ ಎಲ್ಲಿಂದ ಬಂದೀತು? ಬಡವರಿಗೆ ಕೊಡುವ ಬೇಳೆಯನ್ನು ಇಲ್ಲಿಯೇ ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚಲಿ.

ಹಳದಿ ಬಟಾಣಿಗೆ 2025ರ ನವೆಂಬರ್ 1ರಿಂದ ಶೇ 30 ಸುಂಕ ಹಾಕಲು ಬಂದ ಮನಸ್ಸು ತೊಗರಿಗೂ ಬರಲಿ. ರಾಶಿಯ ನಾಲ್ಕು ತಿಂಗಳಾದರೂ ಆಮದಿಗೆ ಸುಂಕದ ಬೇಲಿ ಇರಲಿ. ಇನ್ನೊಂದು ಮಾತು: ಹೊರಗಿನ ಆಹಾರ ಪದಾರ್ಥದ ಗುಣವೇ ಬದಲಾಗುವಂತೆ ಇಲ್ಲಿ ಸಂಸ್ಕರಿಸಿದರೆ, ಅದರ ಮೂಲ ದೇಶ ನಮ್ಮದೇ ಎನ್ನುತ್ತದೆ ಆಹಾರ ಲೇಬಲ್ ನಿಯಮ. ಹೊರಗಿನ ತೊಗರಿಯನ್ನು ಮಿಲ್ಲಿನಲ್ಲಿ ಒಡೆದ ಮಾತ್ರಕ್ಕೆ ಅದು ನಮ್ಮದಾಗಬಾರದು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಪಕ್ಕದ ಕಲಬುರಗಿ ಬೇಳೆಗೂ ಆಗಲೇ ಬೆಲೆ.

'ಎಲ್ಲೀದರೀ ಇದು?' ಎಂದು ಆ ರೈತರು ಕೇಳಿದ್ದಕ್ಕೆ ಉತ್ತರ ಚೀಲದ ಮೇಲೆಯೇ ದಪ್ಪಕ್ಷರದಲ್ಲಿ ಅಚ್ಚಾಗಿರಬೇಕು. ಅಲ್ಲಿಯವರೆಗೆ ಪ್ರತಿ ಅಂಗಡಿಯಲ್ಲೂ ನಾವೆಲ್ಲ ಅದನ್ನೇ ಕೇಳೋಣ.