ಚಪ್ಪಲಿ ಹೊಲಿಯುವವನು ದೇವರ ಮಾತಾಡಬಾರದೆ?

ಉಣ್ಣೆ ಕೆಲಸದವರು, ಚಪ್ಪಲಿ ಹೊಲಿಯುವವರು, ಬಟ್ಟೆ ಒಗೆಯುವವರು ಬಾಯಿ ಬಿಟ್ಟರೆಂದು ಒಬ್ಬ ಪಂಡಿತನಿಗೆ ಮೈಯೆಲ್ಲ ಉರಿದುಹೋಯಿತು. ಕ್ರಿ.ಶ. 2ನೇ ಶತಮಾನದ ಕೊನೆಯ ಭಾಗ, ರೋಮ್ ಸಾಮ್ರಾಜ್ಯದ ಕಾಲ. ಪಂಡಿತನ ಹೆಸರು ಸೆಲ್ಸಸ್, ಗ್ರೀಕ್ ತತ್ವಶಾಸ್ತ್ರ ಅರೆದು ಕುಡಿದವನು. ಕ್ರೈಸ್ತರ ವಿರುದ್ಧ ಬರೆದ ಪುಸ್ತಕಕ್ಕೆ ಅವನಿಟ್ಟ ಹೆಸರು 'ಸತ್ಯವಾಕ್ಯ'. ದೇವರಾದವನು ಹೆಣ್ಣಿನ ಗರ್ಭದಲ್ಲಿ ಯಾಕೆ ಹುಟ್ಟಬೇಕು, ಸತ್ತವನು ಎದ್ದು ಬಂದದ್ದಕ್ಕೆ ಸಾಕ್ಷಿ ಎಲ್ಲಿ ಎಂದೆಲ್ಲ ಕೇಳುತ್ತಾನೆ. ಕೇಳಲಿ. ಪ್ರಶ್ನೆಗೆ ಹೆದರುವ ಧರ್ಮ ಯಾರಿಗೆ ಬೇಕು? ನನ್ನ ತಕರಾರು ಅವನ ಪ್ರಶ್ನೆಗಳ ಮೇಲಲ್ಲ, ಆ ಪ್ರಶ್ನೆಗಳ ಒಳಗೆ ಕೊಳೆಯುತ್ತಿರುವ ಹೇಸಿಗೆಯ ಮೇಲೆ.

ಅವನು ಬಣ್ಣಿಸುವ ದೃಶ್ಯ ನೋಡಿ. ಯಜಮಾನನ ಎದುರು ತುಟಿ ಎರಡು ಮಾಡದ ಈ ಕ್ರೈಸ್ತ ಕೂಲಿ ಜನ, ಮಕ್ಕಳೂ ಹೆಂಗಸರೂ ಒಂಟಿಯಾಗಿ ಸಿಕ್ಕಾಗ ಉಪದೇಶಕ್ಕೆ ಕೂರುತ್ತಾರಂತೆ. ಅಪ್ಪನ ಮಾತು, ಮೇಷ್ಟರ ಮಾತು ಬಿಡಿ, ಬದುಕುವ ದಾರಿ ನಮಗೆ ಗೊತ್ತು ಅನ್ನುತ್ತಾರಂತೆ. ಅಷ್ಟರಲ್ಲಿ ಅಪ್ಪನೋ ಮೇಷ್ಟರೋ ಬಂದರೆ ಗಪ್‌ಚುಪ್. ಆಮೇಲೆ ಚಪ್ಪಲಿ ಅಂಗಡಿಗೆ ಬನ್ನಿ, ಬಟ್ಟೆ ಒಗೆಯುವ ಕಡೆ ಬನ್ನಿ, ಅಲ್ಲಿ ಎಲ್ಲ ಹೇಳಿಕೊಡುತ್ತೇವೆ ಎಂದು ಕಿವಿಯಲ್ಲಿ ಉಸುರುತ್ತಾರಂತೆ. ಯೇಸುವಿನ ತಾಯಿ ನೂಲು ತೆಗೆದು ಹೊಟ್ಟೆ ಹೊರೆದ ಬಡವಿ ಎಂಬುದೂ ಅವನ ಕಣ್ಣಿಗೆ ಕಳಂಕ. ಯೇಸು ಮತ್ತೆ ಎದ್ದದ್ದನ್ನು ಕಂಡವಳು ತಲೆಕೆಟ್ಟ ಹೆಂಗಸು, ಆದ್ದರಿಂದ ಸಾಕ್ಷ್ಯ ನಿಲ್ಲದು ಅನ್ನುತ್ತಾನೆ.

ನೂಲುವುದು ಯಾವಾಗಿನಿಂದ ಅವಮಾನವಾಯಿತು, ಪಂಡಿತರೆ? ಅವಳಂಥವರು ತೆಗೆದ ನೂಲಿನ ಬಟ್ಟೆ ಉಟ್ಟು, ಅವರು ಹೊಲಿದ ಮೆಟ್ಟು ಮೆಟ್ಟಿಕೊಂಡು ತಾನೇ ನೀವು ಸತ್ಯ ಹುಡುಕಲು ಹೊರಟದ್ದು?

ಪಂಡಿತನ ಕೈಯಲ್ಲಿ ಲೇಖನಿ ಇತ್ತು, ಅಧಿಕಾರಿಯ ಕೈಯಲ್ಲಿ ಕೊರಡೆ. ಸುಮಾರು 112ರಲ್ಲಿ ಬಿಥಿನಿಯಾ ಪ್ರಾಂತ್ಯ ಆಳುತ್ತಿದ್ದ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದ. ಈ ಕ್ರೈಸ್ತರು ಬೆಳಕು ಹರಿಯುವ ಮುನ್ನ ಸೇರುತ್ತಾರೆ, ಹಾಡುತ್ತಾರೆ, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಆಣೆ ಮಾಡುತ್ತಾರೆ, ಆಮೇಲೆ ಎಲ್ಲರಂತೆ ಊಟ ಮಾಡುತ್ತಾರೆ. ಇಷ್ಟು ಗೊತ್ತಾದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಸಭೆಯ ಸೇವಕಿಯರು ಎನಿಸಿಕೊಂಡಿದ್ದ ಇಬ್ಬರು ಗುಲಾಮ ಹೆಣ್ಣುಮಕ್ಕಳನ್ನು ಹಿಡಿದು ಚಿತ್ರಹಿಂಸೆ ಕೊಡಿಸಿದ. ಸಿಕ್ಕಿದ್ದು ಬರೀ ಮೂಢನಂಬಿಕೆ ಎಂದು ಬರೆದ. ಆ ಹೆಣ್ಣುಮಕ್ಕಳ ಹೆಸರು ಕೂಡ ಅವನ ಕಾಗದಕ್ಕೆ ಬೇಕಾಗಲಿಲ್ಲ. ಟ್ರಾಜನ್ ಉತ್ತರ: ಹುಡುಕಿಕೊಂಡು ಹೋಗಬೇಡ, ದೂರು ಬಂದು ಸಾಬೀತಾದರೆ ಶಿಕ್ಷಿಸು.

ಈ ನ್ಯಾಯವನ್ನು ಹರಿದು ಚಿಂದಿ ಮಾಡಿದವನು ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್. 197ರಲ್ಲಿ ಅವನು ಬರೆದ ಸಮರ್ಥನೆಯಲ್ಲಿ ಬೇಡಿಕೆಯ ದನಿ ಇಲ್ಲ, ಪಾಟೀ ಸವಾಲಿದೆ. ಅಪರಾಧಿಗಳಾದರೆ ಯಾಕೆ ಹುಡುಕುವುದಿಲ್ಲ? ನಿರಪರಾಧಿಗಳಾದರೆ ಯಾಕೆ ಶಿಕ್ಷಿಸುತ್ತೀರಿ? ಕಳ್ಳನನ್ನು ಒಪ್ಪಿಕೊ ಎಂದು ಹಿಂಸಿಸುತ್ತೀರಿ, ಕ್ರೈಸ್ತನನ್ನು ಮಾತ್ರ ಅಲ್ಲವೆನ್ನು ಎಂದು ಹಿಂಸಿಸುತ್ತೀರಿ! ಟೈಬರ್ ನದಿ ಉಕ್ಕಿದರೂ ನೈಲ್ ನದಿ ಉಕ್ಕದಿದ್ದರೂ ಕ್ರೈಸ್ತರನ್ನು ಸಿಂಹದ ಬಾಯಿಗೆ ಹಾಕಿ ಅನ್ನುತ್ತೀರಿ! ಮಕ್ಕಳನ್ನು ಕೊಂದು ತಿನ್ನುತ್ತಾರೆ, ಕತ್ತಲಲ್ಲಿ ಒಡಹುಟ್ಟಿದವರ ಜೊತೆ ಮಲಗುತ್ತಾರೆ ಎಂಬ ವದಂತಿಗಳಿಗೆ ಪುರಾವೆ ತೋರಿಸಿ ಎಂದ. ಯಾರೂ ತೋರಿಸಲಿಲ್ಲ. ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 177ರಲ್ಲಿ, ಇಂದಿನ ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಬ್ಲಾಂದಿನಾ ಎಂಬ ಗುಲಾಮ ಹೆಣ್ಣು ಅದೇ ವದಂತಿಗೆ ಮೈಯೊಡ್ಡಿ ಉತ್ತರ ಕೊಟ್ಟಿದ್ದಳು. ಬೆಳಗಿನಿಂದ ಸಂಜೆಯವರೆಗೆ ಹಿಂಸಿಸಿದವರೇ ದಣಿದರು. ನಮ್ಮಲ್ಲಿ ಕೆಟ್ಟದ್ದೇನೂ ನಡೆಯುವುದಿಲ್ಲ ಎಂಬ ಅವಳ ಮಾತು ಬದಲಾಗಲಿಲ್ಲ. ಕೊನೆಗೆ ಬಲೆಯಲ್ಲಿ ಸುತ್ತಿ ಗೂಳಿಯ ಮುಂದೆ ಎಸೆದರು.

ಸೆಲ್ಸಸ್‌ಗೆ ಉತ್ತರ ಸಿಕ್ಕಿದ್ದು ತಡವಾಗಿ, ಸುಮಾರು 248ರಲ್ಲಿ. ಅಲೆಕ್ಸಾಂಡ್ರಿಯಾದಲ್ಲಿ ಬೆಳೆದ ಕ್ರೈಸ್ತ ವಿದ್ವಾಂಸ ಒರಿಜೆನ್ 8 ಸಂಪುಟ ಬರೆದ. ಎದುರಾಳಿಯ ಮಾತನ್ನು ಮೊದಲು ಹಾಗೆಯೇ ಎತ್ತಿಕೊಟ್ಟು, ಆಮೇಲೆ ಒಂದೊಂದಕ್ಕೂ ಜವಾಬು ಹೇಳಿದ. 'ಸತ್ಯವಾಕ್ಯ'ದ ಮೂಲ ಪ್ರತಿ ನಾಶವಾಗಿದೆ. ಇವತ್ತು ನಾವು ಸೆಲ್ಸಸ್‌ನನ್ನು ಓದುವುದೇ ಒರಿಜೆನ್‌ನ ಪುಟಗಳಲ್ಲಿ. ಆ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಆದರೂ ನಮ್ಮಲ್ಲೂ ಜ್ಞಾನಿಗಳಿದ್ದಾರೆ, ವಿದ್ಯೆಯನ್ನು ನಾವು ದೂರ ಇಟ್ಟಿಲ್ಲ ಎಂದು ಅವನು ಸಮಜಾಯಿಷಿ ಕೊಡುವಾಗ ನನಗೆ ಸಂಕಟವಾಗುತ್ತದೆ. ಹೌದು ಕಣಯ್ಯಾ, ಚಪ್ಪಲಿ ಹೊಲಿಯುವವರೇ, ಏನೀಗ ಎಂದು ಎದೆ ಸೆಟೆಸಿ ಕೇಳಬೇಕಿತ್ತು. ಗುಲಾಮನನ್ನು ಸೋದರ ಎಂದು ಕರೆದ ಈ ಕ್ರೈಸ್ತ ಸಭೆ ಅವನ ಸಂಕೋಲೆ ಕಳಚಲಿಲ್ಲವಲ್ಲ, ಅದರ ಬೇರು ಇಲ್ಲೇ ಇದೆ. ಪಂಡಿತರ ಪಂಕ್ತಿಯಲ್ಲಿ ಒಂದು ಎಲೆ ಸಿಗಲಿ ಎಂಬ ಆಸೆ.

ಎಲೆ ಸಿಕ್ಕಿತು, ಸಿಂಹಾಸನವೂ ಸಿಕ್ಕಿತು. ಯಾವ ದೇವರನ್ನು ಪೂಜಿಸಬೇಕೆಂಬುದು ಪ್ರತಿ ಮನುಷ್ಯನ ಹಕ್ಕು, ಧರ್ಮವನ್ನು ಬಲವಂತದಿಂದ ಹೇರುವುದು ಧರ್ಮವಲ್ಲ ಎಂದು ತೆರ್ತುಲಿಯನ್ 212ರ ಹೊತ್ತಿಗೆ ಕಾರ್ಥೇಜಿನ ಅಧಿಕಾರಿಗೆ ಬರೆದಿದ್ದ. 380ರಲ್ಲಿ ಕ್ರೈಸ್ತ ಚಕ್ರವರ್ತಿ ಥಿಯೊಡೋಸಿಯಸ್ ತನ್ನ ಪಂಥವೇ ಪ್ರಜೆಗಳೆಲ್ಲರ ಧರ್ಮ ಎಂದು ಆಜ್ಞೆ ಹೊರಡಿಸಿದ. ತೆರ್ತುಲಿಯನ್‌ನ ಆಫ್ರಿಕಾದಲ್ಲೇ, ಭಿನ್ನಮತದ ಕ್ರೈಸ್ತರನ್ನು ದಾರಿಗೆ ತರಲು ರಾಜದಂಡ ಬಳಸಬಹುದೆಂದು ಸಂತ ಅಗಸ್ಟೀನ್ ವಾದಿಸಿದ. ಯಾರಿಂದ ಕಲಿತಿರಿ ಇದನ್ನು? ಪ್ಲಿನಿಯಿಂದಲೇ?

3ನೇ ಶತಮಾನದಲ್ಲಿ ಪೋರ್ಫಿರಿ ಎಂಬ ತತ್ವಜ್ಞಾನಿ ಕ್ರೈಸ್ತರ ವಿರುದ್ಧ ದೊಡ್ಡ ಗ್ರಂಥ ಬರೆದಿದ್ದ. 448ರಲ್ಲಿ ಅದನ್ನು ಸುಡಲು ಕ್ರೈಸ್ತ ಚಕ್ರವರ್ತಿಯ ಆಜ್ಞೆಯಾಯಿತು. ಇವತ್ತು ಆ ಪುಸ್ತಕವಿಲ್ಲ, ಚೂರುಪಾರು ಮಾತ್ರ. ಅದಕ್ಕೆ ಯುಸೇಬಿಯಸ್, ಮೆಥೋಡಿಯಸ್ ಮೊದಲಾದವರು ಬರೆದ ಉತ್ತರಗಳೂ ಪೂರ್ತಿಯಾಗಿ ಉಳಿದಿಲ್ಲ. ಸುಮಾರು 250ರಲ್ಲಿ ರೋಮ್ ಸಾಮ್ರಾಜ್ಯದ ಸೆರೆಮನೆಯವರು ಒರಿಜೆನ್‌ನ ಮುದಿ ದೇಹವನ್ನು ಹಿಂಸಿಸಿದ್ದರು. ಆ ಪೆಟ್ಟಿನಿಂದ ಅವನು ಮತ್ತೆ ಚೇತರಿಸಿಕೊಳ್ಳಲಿಲ್ಲ. 543ರಲ್ಲಿ ಅದೇ ಒರಿಜೆನ್‌ನ ಬೋಧನೆಗಳನ್ನು ಪಾಷಂಡವೆಂದು ಖಂಡಿಸಿ ಆಜ್ಞೆ ಹೊರಡಿಸಿದವನು ಜಸ್ಟಿನಿಯನ್. ಅವನೂ ಕ್ರೈಸ್ತ ಚಕ್ರವರ್ತಿಯೇ.