ನೆಲದಿಂದ ಏಳಲಾರದ ಕೂಸು

ಮಕ್ಕಳ ಜ್ವರ, ಕೆಮ್ಮು, ಭೇದಿಗಳು ತಾಯಿಯ ಕಣ್ಣಿಗೆ ಬೇಗನೆ ಬೀಳುವವು. ಆದರೆ ಸದ್ದಿಲ್ಲದೆ ಬರುವ ವ್ಯಾಧಿಯೊಂದುಂಟು. ಕೂಸಿಗೆ ಜ್ವರವಿಲ್ಲ, ನೋವಿಲ್ಲ. ಉಣ್ಣುವದು, ನಗುವದು ಎಲ್ಲವೂ ಸರಿ. ಓರಗೆಯ ಮಕ್ಕಳು ಓಡುವಾಗ ಮಾತ್ರ ಅದು ಹಿಂದೆ ಬೀಳುವದು. ಮೆಟ್ಟಿಲೇರುವಾಗ ಗೋಡೆ ಹಿಡಿಯುವದು. ಮೇಲಿಂದ ಮೇಲೆ ಮುಗ್ಗರಿಸುವದು. ಸೋಮಾರಿತನವೆಂದು ಒಬ್ಬರು, ದೃಷ್ಟಿ ತಗುಲಿತೆಂದು ಇನ್ನೊಬ್ಬರು ಅದಕ್ಕೆ ಹೆಸರಿಡುವರು. ಸ್ನಾಯುಗಳ ಈ ನಿಃಶಕ್ತಿಯ ನಿಜವಾದ ಹೆಸರನ್ನು ಹುಡುಕುವ ಬಗೆ ಹೇಗೆಂಬುದೇ ಈ ತಿಂಗಳಿನ ವಿಷಯ.

ನಿಃಶಕ್ತಿಯು ಒಮ್ಮಿಂದೊಮ್ಮೆಲೆ ಬಂದಿತೋ ಮೆಲ್ಲಮೆಲ್ಲಗೆ ಬಂದಿತೋ ಎಂಬುದೇ ಮೊದಲ ಪ್ರಶ್ನೆ. ನಿನ್ನೆ ಓಡಾಡಿದ ಕೂಸು ಇಂದು ಕಾಲೂರದಿದ್ದರೆ ಆ ಗಳಿಗೆಯಲ್ಲಿಯೇ ದವಾಖಾನೆಗೆ ಒಯ್ಯಬೇಕು. ದೌರ್ಬಲ್ಯವು ಉಸಿರಾಟದ ಸ್ನಾಯುಗಳಿಗೂ ಏರಬಹುದು. ನೈಸರ್ಗಿಕ ಪೋಲಿಯೋ ನಮ್ಮ ದೇಶದಲ್ಲಿ ಕಡೆಯದಾಗಿ ಕಂಡದ್ದು 2011ರ ಜನೇವರಿಯಲ್ಲಿ. ಆದರೂ 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಹೀಗೆ ಹಠಾತ್ತಾಗಿ ಜೋಲುಬಿದ್ದರೂ ಸರಕಾರಕ್ಕೆ ತಿಳಿಸಿ, ಎರಡು ಸಲ ಮಲಪರೀಕ್ಷೆ ಮಾಡಿಸುವ ಕ್ರಮವು ಇಂದಿಗೂ ನಡೆದಿದೆ.

ಮೆಲ್ಲಗೆ ಬರುವ ನಿಃಶಕ್ತಿಗೆ ಕಾರಣಗಳು ಹಲವು. ವಿಟಮಿನ್ ಡಿ ಕೊರತೆಯಿಂದಲೂ, ಥೈರಾಯಿಡ್ ಗ್ರಂಥಿಯ ದೋಷದಿಂದಲೂ ಅದು ಬರುವದುಂಟು. ಇವು ಔಷಧದಿಂದ ಸರಿಹೋಗತಕ್ಕವು. ಆದರೆ ಗಂಡುಮಕ್ಕಳಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು ಡುಶೆನ್ ಸ್ನಾಯುಕ್ಷಯ. ಫ್ರಾನ್ಸ ದೇಶದ ಡುಶೆನ್ ಎಂಬ ವೈದ್ಯನು 1868ರಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿದನು. ನೆಲದಲ್ಲಿ ಕುಳಿತ ಮಗು ಏಳುವಾಗ ಕೈಗಳನ್ನು ನೆಲಕ್ಕೆ ಊರಿ, ಅನಂತರ ಮೊಣಕಾಲು, ತೊಡೆಗಳ ಮೇಲೆ ಕೈಯೂರುತ್ತ, ತನ್ನ ಮೈಯನ್ನೇ ಹತ್ತುವಂತೆ ಮೇಲೇಳುವದು. ಇಂಗ್ಲೆಂಡಿನ ಗವರ್ಸನು 1879ರಲ್ಲಿ ಬಣ್ಣಿಸಿದ ಈ ಲಕ್ಷಣವನ್ನು ನೋಡಲಿಕ್ಕೆ ಯಂತ್ರವೇನೂ ಬೇಡ; ತಾಯಿಯ ಕಣ್ಣು ಸಾಕು. ಮೀನಖಂಡಗಳು ತೋರವಾಗಿ ಕಾಣುವದು ಇನ್ನೊಂದು ಗುರುತು. ಜಮಖಂಡಿ, ಮುಧೋಳಗಳ ಕಡೆಯ ಕುಸ್ತಿಪ್ರಿಯ ಅಜ್ಜನು ಅದನ್ನು ಕಂಡು ಮೊಮ್ಮಗ ಪೈಲವಾನನಾಗುವನೆಂದು ಹಿಗ್ಗಿದರೆ ಆಶ್ಚರ್ಯವಿಲ್ಲ. ಆದರೆ ಅದು ಬಲದ ಚಿಹ್ನೆಯಲ್ಲ.

ಇಂಥಲ್ಲಿ ಮೊದಲು ಕೇಳಬೇಕಾದದ್ದು ಸಿ.ಕೆ. ಎಂಬ ಸಾಮಾನ್ಯ ರಕ್ತಪರೀಕ್ಷೆ. ಸ್ನಾಯುಗಳು ಒಡೆದಾಗ ಈ ದ್ರವ್ಯವು ರಕ್ತಕ್ಕೆ ಸೋರುವದು. ಡುಶೆನ್ ರೋಗದಲ್ಲಿ ಅದು ಹತ್ತುಪಟ್ಟಿಗೂ ಮಿಕ್ಕಿ ಏರಿರುವದು. ಯಕೃತ್ತಿನ ಪರೀಕ್ಷೆಯ ಅಂಕಿಗಳೂ ಆಗ ಏರುವದರಿಂದ, ಇಲ್ಲದ ಕಾಮಾಲೆಗೆ ತಿಂಗಳುಗಟ್ಟಲೆ ಔಷಧ ಕುಡಿಸುವದುಂಟು. ಸಿ.ಕೆ. ಸರಿಯಾಗಿದ್ದ ಮಾತ್ರಕ್ಕೆ ಹುಡುಕಾಟ ಮುಗಿಯಲಿಲ್ಲ. ಬೆನ್ನುಹುರಿಯ ನರಕೋಶಗಳು ಕ್ಷಯಿಸುವ ರೋಗದಲ್ಲಿ ಅದು ಅಷ್ಟಾಗಿ ಏರುವದಿಲ್ಲ. ಕಡೆಯ ನಿರ್ಣಯವು ರಕ್ತದಿಂದಲೇ ಮಾಡುವ ವಂಶವಾಹಿ ಪರೀಕ್ಷೆಯಿಂದ ಬಹುಮಟ್ಟಿಗೆ ದೊರೆಯುವದು.

ಕೃಷ್ಣಾತೀರದ ಗಲಗಲಿಯಂಥ ಊರಿನವರು ಇದಕ್ಕೆ ಎಲ್ಲಿಗೆ ಹೋಗಬೇಕು? ಬಾಗಿಲು ಅಂಗನವಾಡಿಯಲ್ಲಿಯೇ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವರು. ಅವರ ಮುಂದೆ ಸಂಕೋಚವಿಲ್ಲದೆ ಹೇಳಿರಿ. ಅಲ್ಲಿಂದ ಬೀಳಗಿ, ಬಾಗಲಕೋಟೆ, ಬೇಕಾದರೆ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕಡೆಗೆ ಬೆಂಗಳೂರಿನ ನಿಮ್ಹಾನ್ಸ್. ದಾರಿ ದೂರ, ಹೋದಷ್ಟು ದಿನದ ಕೂಲಿಯೂ ಹೋಗುವದು. ಆದದ್ದರಿಂದ ಹಳೆಯ ಚೀಟಿಯೊಂದನ್ನೂ ಕಳೆಯದೆ ಕಟ್ಟಿಟ್ಟುಕೊಳ್ಳಿರಿ.

ಡುಶೆನ್ ರೋಗವನ್ನು ಪೂರ್ಣ ವಾಸಿಮಾಡುವ ಔಷಧವಿಲ್ಲವಲ್ಲ, ಬರಿಯ ಹೆಸರಿನಿಂದ ಏನು ಫಲವೆಂದು ಕೇಳಬಹುದು. ಫಲ ಬಹಳವಿದೆ. ವೈದ್ಯರ ದೇಖರೇಖಿಯಲ್ಲಿ ಸ್ಟೆರಾಯಿಡ್ ಕೊಟ್ಟರೆ ಮಗು ಇನ್ನೂ ಕೆಲವು ವರ್ಷ ನಡೆದಾಡೀತು. ಹೃದಯಕ್ಕೆ ಬರುವ ತೊಂದರೆಯನ್ನು ಮೊದಲೇ ಕಾಯಬಹುದು. ಶಸ್ತ್ರಕ್ರಿಯೆಯಲ್ಲಿ ಅಪಾಯಕಾರಿಯಾದ ಅರಿವಳಿಕೆಯನ್ನು ತಪ್ಪಿಸಬಹುದು. ಬೆನ್ನುಹುರಿಯ ರೋಗಕ್ಕಂತೂ ಈಗ ಔಷಧಗಳಿವೆ. ಬೆಲೆ ಬಹು ದುಬಾರಿ, ಆದರೆ ಬೇಗ ಕೊಟ್ಟಷ್ಟೂ ಗುಣ ಹೆಚ್ಚು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯುಕ್ಷಯವು ಸೇರಿರುವದರಿಂದ ಪ್ರಮಾಣಪತ್ರವನ್ನೂ ಪಡೆಯಬಹುದು. ಹೆಸರಿಲ್ಲದ ರೋಗವು ಜನರನ್ನು ಎಲ್ಲಿಗೆ ಒಯ್ಯುವದೆಂಬುದಕ್ಕೆ ದೂರ ಹೋಗಬೇಕಿಲ್ಲ: 2019ರ ಡಿಸೆಂಬರ 26ರ ಸೂರ್ಯಗ್ರಹಣದಂದು ಕಲಬುರ್ಗಿ ಸಮೀಪದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ನೀಗುವದೆಂದು ನಂಬಿ ಮಕ್ಕಳನ್ನು ಕೊರಳಮಟ ಮಣ್ಣಿನಲ್ಲಿ ಹೂಳಿ ನಿಲ್ಲಿಸಿದ್ದರು.

ಇನ್ನೊಂದು ಮಾತನ್ನು ಅತ್ತೆಯಂದಿರೂ ಕೇಳಬೇಕು. ಡುಶೆನ್ ರೋಗದ ದೋಷವು ಅನೇಕ ವೇಳೆ ತಾಯಿಯ ಮೂಲಕ ಗಂಡುಮಗುವಿಗೆ ಇಳಿಯುವದು ನಿಜ. ಆದರೆ ಸುಮಾರು ಮೂರರಲ್ಲೊಂದು ಪ್ರಸಂಗದಲ್ಲಿ ಅದು ಹೊಸದಾಗಿಯೇ ಹುಟ್ಟುವದು. ಬೆನ್ನುಹುರಿಯ ರೋಗಕ್ಕೆ ಸಾಮಾನ್ಯವಾಗಿ ತಂದೆತಾಯಿಗಳಿಬ್ಬರೂ ಸಮಪಾಲಿನವರು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಮನೆತನಗಳಲ್ಲಿ ಇಂಥ ರೋಗಗಳ ಸಂಭವ ಹೆಚ್ಚು. ಯಾವುದರಲ್ಲಿಯೂ ಸೊಸೆಯ ತಪ್ಪಿಲ್ಲ. ಅವಳನ್ನು ದೂರುವ ಬದಲು, ಮುಂದಿನ ಬಸಿರಿಗೆ ಮೊದಲೇ ವೈದ್ಯರ ಸಲಹೆ ಕೊಡಿಸುವದು ಮನೆಯ ಹಿರಿಯರ ಕರ್ತವ್ಯ. ರೋಗಿಯ ಅಕ್ಕತಂಗಿಯರಿಗೂ ಮುಂದೆ ಈ ತಿಳಿವಳಿಕೆ ಬೇಕಾಗುವದು.

ಕೂಸು ಎಷ್ಟನೆಯ ತಿಂಗಳಿಗೆ ಕತ್ತು ನಿಲ್ಲಿಸಿತು, ಯಾವಾಗ ಕುಳಿತಿತು, ಯಾವಾಗ ನಡೆಯಿತು, ಕಲಿತದ್ದನ್ನು ಯಾವಾಗ ಬಿಟ್ಟಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿರಿ. ಹದಿನೆಂಟು ತಿಂಗಳಾದರೂ ನಡೆಯದ ಮಗುವನ್ನು ತಪ್ಪದೆ ತೋರಿಸಿರಿ. ಅದು ನೆಲದಿಂದ ಏಳುವ ಬಗೆಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಒಯ್ದರೆ, ದವಾಖಾನೆಯ ಗದ್ದಲದಲ್ಲಿ ಬಾಯಿಂದ ಹೇಳಲಾಗದ್ದನ್ನು ಆ ಚಿತ್ರವೇ ವೈದ್ಯರಿಗೆ ಹೇಳುವದು.